ಇಮಾಮಸಾಬರೂ ನಮ್ಮಜ್ಜನ ಪಾವತಿಯೂ

ಯಾವ ಕಾಗದ ಕೈಗೆ ಬಂದರೂ ಇಮಾಮಸಾಬರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ಸವರಿ, "ಇದು ಬಿದಿರಿಂದು", "ಇದು ರದ್ದೀದು" ಎಂದು ಅದರ ಕುಲಗೋತ್ರ ಹೇಳುವರು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾಗಿ ಅದೇ ಊರಿನ ಅಂಬೇವಾಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ಅವಸರ ಮಾಡಿದವರಿಗೆ, "ತಡೀರಿ, ಕಾಗದಕ್ಕೇನ ಕಾಲ ಅದಾವನು, ಓಡಿ ಹೋಗಾಕ?" ಎನ್ನುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮಿಬ್ಬರಿಗೆ ಆಗಾಗ ಜಗಳವಾಗುತ್ತಿತ್ತು.

ಆ ದಿನ ಮಧ್ಯಾಹ್ನ ಮೂರಕ್ಕೆ ನಾನೂ ಅವ್ವನೂ ಜೊಯಿಡಾದ ಬಸ್ಸಿಳಿದು ಅವರಲ್ಲಿಗೆ ಓಡಿದೆವು. ಕಾಡಿನಂಚಿನ ನಮ್ಮ ಹೊಲದ ಹಕ್ಕಿನ ಅರ್ಜಿ ಒಮ್ಮೆ ತಿರಸ್ಕಾರವಾಗಿತ್ತು. ಅಜ್ಜನ ಕಾಲದಿಂದ ಉಳುತ್ತಿದ್ದೇವೆಂದು ತೋರಿಸಲು ವರ್ಷವಿರುವ ದಾಖಲೆ ಇಲ್ಲವಂತೆ. ಮೇಲ್ಮನವಿಗೆ ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೇ ಪಿಡಿಎಫ್ ಮಾಡಿ, ಸಂಜೆ ಐದರೊಳಗೆ ಕಳಿಸಬೇಕಿತ್ತು. ತಪ್ಪಿದರೆ ಹೊಲ ಕೈಬಿಟ್ಟಂತೆಯೇ.

ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಮುಗಿದು ಕೊನೆಗೆ ಅಜ್ಜ ಕಂದಾಯ ಕಟ್ಟಿದ ಪಾವತಿ ಬಂತು. ವರ್ಷವಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದನ್ನು ಅವ್ವ ಎಂದೋ ಅನ್ನದಿಂದ ಪತ್ರಿಕೆಯ ತುಂಡಿಗೆ ಅಂಟಿಸಿದ್ದಳು. ಇಮಾಮಸಾಬರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬೇಟಿ, ಇದರ ಬೆನ್ನಿಗೆ ಏನೋ ಬರದಾರ. ಪೇಪರಿನ ಅಕ್ಷರದಾಗ ಕಲಸೇತಿ. ಬಿಡಿಸಬೇಕು."

"ಹೆಂಗ?"

"ನೀರಾಗ ಹಾಕಿ."

ನಾನು ಪಾವತಿ ಕಸಿದುಕೊಳ್ಳಲು ಕೈಚಾಚಿದೆ. "ಚಾಚಾ, ತಲಿ ನೆಟ್ಟಗೈತೇನ ನಿಮಗ? ಇರೂದ ಅದೊಂದು!"

"ಇಂಥಾವು ನೂರು ಬಿಡಿಸೇನಿ. ಹಳೇ ಕಾಗದ, ಚಿಂದಿ ಅರಿವಿ ಅರದು ಮಾಡಿದ್ದು. ನೀರಿಗೆ ಜಗ್ಗೂದಿಲ್ಲ."

ಅವ್ವ ಹಣೆ ಚಚ್ಚಿಕೊಂಡಳು. "ಹರೀಬಾರದಂತ ಅಂಟಿಸಿದೆನ್ರಿ ಸಾಬ್ರ. ನನ್ನ ಕೈಗೆ ಏನ ಬಂದಿತ್ತು!"

"ಅಳಬ್ಯಾಡ್ರಿ ಅಕ್ಕಾರ. ನೀವು ಅಂಟಿಸಿದ್ದಕ್ಕ ಇಷ್ಟರೆ ಉಳದೈತಿ."

ಊಟದ ತಾಟಿಗೆ ಉಗುರುಬೆಚ್ಚಗಿನ ನೀರು ಹಾಕಿ, ಮೊದಲು ಒಂದು ಮೂಲೆಯನ್ನಷ್ಟೇ ಅದ್ದಿ ನೋಡಿದರು. ಮಸಿ ಕದಲಲಿಲ್ಲ. ಪೂರ್ತಿ ಇಳಿಬಿಟ್ಟರು. ಮೂರೂವರೆ ಆಯಿತು. ನಾಲ್ಕಾಯಿತು. ಅನ್ನ ಬಿಡಲೊಲ್ಲದು. ನಾನು ಒಳಗೆ ಹೊರಗೆ ತಿರುಗುತ್ತ ಮನಸ್ಸಿನಲ್ಲೇ ಅವರಿಗೆ ಹಿಡಿಶಾಪ ಹಾಕಿದೆ. ನೇರಳೆ ಮುದ್ರೆಯೊಂದು ಹರಡತೊಡಗಿದಾಗ ಅವ್ವ ಕಣ್ಣು ಮುಚ್ಚಿಕೊಂಡಳು. ಇಮಾಮಸಾಬರು ಮಾತ್ರ ಬೆರಳ ತುದಿಯಿಂದ ಪತ್ರಿಕೆಯನ್ನು ಎಳೆಎಳೆಯಾಗಿ ಸುಲಿಯುತ್ತಲೇ ಇದ್ದರು.

ನಾಲ್ಕೂ ಇಪ್ಪತ್ತಕ್ಕೆ ಅದು ಕಳಚಿತು. ಹಿಂಬದಿಯಲ್ಲಿ ಕಂದಾಯ ವಸೂಲಿಯ ತಲಾಠಿಯ ಕೈಬರಹ: ಅಜ್ಜನ ಹೆಸರು, ಹೊಲದ ನಂಬರು, ವರ್ಷ. ಅವ್ವ ಅಲ್ಲೇ ಕೂತು ಅತ್ತಳು. ಇಮಾಮಸಾಬರು ಪಾವತಿಯನ್ನು ಬಟ್ಟೆಯ ನಡುವೆ ಒತ್ತಿ ಒಣಗಿಸಿ, ಎರಡೂ ಬದಿ ಸ್ಕ್ಯಾನ್ ಮಾಡಿ, ಪುಟಗಳನ್ನು ಜೋಡಿಸಿ ಕಳಿಸಿದರೆ ಫೈಲು ದೊಡ್ಡದಾಯಿತೆಂದು ವೆಬ್‌ಸೈಟು ತಳ್ಳಿಬಿಟ್ಟಿತು. ಅವರು ಅದನ್ನು ಕುಗ್ಗಿಸಿ ಮತ್ತೆ ಕಳಿಸಿದರು. ಸ್ವೀಕೃತಿ ಬಂದಾಗ ಐದಕ್ಕೆ ನಾಲ್ಕು ನಿಮಿಷ ಉಳಿದಿತ್ತು.

ಮರುವರ್ಷ ಹಕ್ಕುಪತ್ರ ಬಂತು. ಪೇಢೆ ಹಿಡಿದು ನಾನೊಬ್ಬಳೇ ದಾಂಡೇಲಿಗೆ ಹೋದೆ. ಇಮಾಮಸಾಬರು ತೀರ ಸೊರಗಿದ್ದರು. ಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಹೇಳಿದರು:

"ಒಂದು ಮಾತು ಹೊಟ್ಟ್ಯಾಗ ಉಳದೈತಿ, ಬೇಟಿ. ನೂರು ಬಿಡಿಸೇನಿ ಅಂದಿದ್ನಲ್ಲಾ, ಒಂದೂ ಬಿಡಿಸಿದ್ದಿಲ್ಲ. ನಿಂದ ಮೊದಲನೇದು."

"ಹೋತಂದ್ರ ಏನ ಮಾಡತಿದ್ರಿ ಚಾಚಾ?" ನನ್ನ ದನಿ ಏರಿತ್ತು.

"ಗೊತ್ತಿಲ್ಲವಾ. ನಿಮ್ಮವ್ವನ ಕೈ ನಡಗತಿತ್ತು, ನಿಂದೂ ನಡಗತಿತ್ತು. ನಂದೂ ನಡಗಿದ್ರ ಕಾಗದ ಹಿಡಿಯೋರು ಯಾರು?"

ಸಿಟ್ಟಿಗೆ ಪೇಢೆಯ ಪೊಟ್ಟಣ ಅಲ್ಲೇ ಕುಕ್ಕಿ ಎದ್ದು ಬಂದೆ. ತಿಂಗಳೊಳಗೆ ಅವರು ತೀರಿಕೊಂಡರು. ಇನ್ನೊಂದು ಸಲ ಹೋಗಿ ಮಾತಾಡಿಸಲಿಲ್ಲವಲ್ಲ ಎಂದು ಈಗಲೂ ಹಳಹಳಿಸುತ್ತೇನೆ.

ಅವ್ವ ಇಂದಿಗೂ ಮನೆಗೆ ಬಂದವರ ಮುಂದೆ, "ಸಾಬ್ರು ಅಂಥಾವು ನೂರು ಬಿಡಿಸ್ಯಾರ, ಅವರಿಗೇನ ಹೆದರಿಕಿ?" ಎನ್ನುತ್ತಾಳೆ. ಹೌದವ್ವಾ ಅನ್ನುತ್ತೇನೆ ನಾನು.