ಮೇರಿ ಮಾತೆಯ ಮಚ್ಚೆ

ಜಿನೀವಾದ ನಮ್ಮ ಕೇರಿಯ ಚರ್ಚಿನೊಳಗೆ ಹುಡುಕಿದರೂ ಒಂದು ಚಿತ್ರ ಸಿಗುವುದಿಲ್ಲ. ಚಿತ್ರ, ವಿಗ್ರಹ ನಮ್ಮ ಪಂಥದ ಕ್ರೈಸ್ತರಿಗೆ ಆಗಿಬರುವುದಿಲ್ಲ. ವ್ಯಾಪಾರಕ್ಕೆ ಚೆನ್ನಾಗಿ ಆಗಿಬರುತ್ತದೆ. ಅರಸರ ಜೇಬಿನಲ್ಲಿರುವ ಅಂಗೈಯಗಲದ ಮೇರಿ ಮಾತೆಯರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಇಲ್ಲೇ. ಅವರಿಗೆ ಚಿನ್ನದ ಚೌಕಟ್ಟು ಹಾಕಿಸಿ ಸಾಗಿಸುವವನು ನಾನು.

ಅವರನ್ನು ಹೆತ್ತವಳು ವಿಧವೆ ಪೆರ್ನೆತ್ತಮ್ಮ. ಹೆಸರಾಂತ ಎಣ್ಣೆಬಣ್ಣದ ಚಿತ್ರಗಳನ್ನು ತಾಮ್ರದ ಬಿಲ್ಲೆಯ ಮೇಲೆ ಎನಾಮೆಲ್‌ನಲ್ಲಿ ನಕಲು ಮಾಡುವುದು ಅವಳ ಕಸುಬು. ಗಾಜಿನ ಪುಡಿಯ ಬಣ್ಣ ಬಳಿಯಬೇಕು, ಕುಲುಮೆಯಲ್ಲಿ ಸುಡಬೇಕು, ಮತ್ತೆ ಬಳಿದು ಮತ್ತೆ ಸುಡಬೇಕು. ಬಿಲ್ಲೆಯ ಹಿಂದೆ ಹೆಸರು ಮಾತ್ರ ಮೈದುನ ಎತಿಯೆನ್‌ನದು, ಕುಲುಮೆ ಅವನದೆಂಬ ಕಾರಣಕ್ಕೆ. ಅವನು ಮಾಡುತ್ತಿದ್ದ ಕೆಲಸ ಆ ಹೆಸರು ಬರೆಯುವುದೊಂದೇ. ಅದನ್ನೂ ಸೊಟ್ಟಗೆ ಬರೆಯುತ್ತಿದ್ದ.

ಒಂದು ವರ್ಷ ಜರ್ಮನ್ ನಾಡಿನ ಸಣ್ಣ ದೊರೆಯೊಬ್ಬ ತನ್ನ ಅರಮನೆಯ ಮೇರಿ ಮಾತೆಯ ನಕಲು ಕೇಳಿದ. ಅದು ಹಳೆಯ ಕಾಲದ ಮಹಾ ಚಿತ್ರಕಾರ ರಾಫೆಲನದು ಎಂದು ಅವನು ಹೇಳುತ್ತಿದ್ದ, ನಾವೂ ಹೌದೆನ್ನುತ್ತಿದ್ದೆವು. "ಎಣ್ಣೆಬಣ್ಣ ಮಾಸುತ್ತೆ ದೊರೆಗಳೇ, ಎನಾಮೆಲ್ ಮಾಸಲ್ಲ," ಎಂದು ನಾನು ಎಲ್ಲರಿಗೂ ಹೇಳುವ ಮಾತನ್ನು ಅವನಿಗೂ ಹೇಳಿದೆ. ಆ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಊಟಕ್ಕೆ ಬಂದ ನೆಂಟರಿಗೆಲ್ಲ ತನ್ನದೇ ಮಾತೆಂಬಂತೆ ಹೇಳತೊಡಗಿದ. ನಕಲು ಮೂಲದಂತೆಯೇ ಇದ್ದರೆ ಅರಮನೆಯ ಉಳಿದ ಚಿತ್ರಗಳ ಕೆಲಸವೂ ಹಿಂಬದಿಯಲ್ಲಿ ಹೆಸರಿದ್ದವರಿಗೇ ಎಂದು ಮಾತು ಕೊಟ್ಟ.

ಪೆರ್ನೆತ್ತಮ್ಮ ಬೇಸಿಗೆಯಲ್ಲಿ ಅರಮನೆಗೆ ಹೋಗಿ ಚಿತ್ರ ನೋಡಿ ಬರೆದುಕೊಂಡು ಬಂದಳು. ಚಳಿಗಾಲವೆಲ್ಲ ಸುಟ್ಟಳು. ಕೊನೆಗೆ ಕುಲುಮೆಯಿಂದ ಬೂದಿಯ ಚೂರೊಂದು ಹಾರಿ ಮಾತೆಯ ಗಲ್ಲದ ಮೇಲೆ ಕೂತು ಅಲ್ಲೇ ಕರಗಿತು. ಎಳ್ಳಿಗಿಂತ ಚಿಕ್ಕ ಕರಿ ಚುಕ್ಕೆ. ಕೆರೆದರೆ ಗಲ್ಲವೇ ಹೋಗುತ್ತಿತ್ತು.

ಹೆಸರು ಬರೆಯಲು ಬಂದ ಎತಿಯೆನ್ ಅದನ್ನು ನೋಡಿ ಕುಂಚ ಕೆಳಗಿಟ್ಟ. "ಅತ್ತಿಗೆ, ನೀವು ಪಟ್ಟ ಕಷ್ಟಕ್ಕೆ ನಾನು ಹೆಸರು ಹಾಕ್ಕೊಂಡ್ರೆ ಏನು ಚೆನ್ನ? ಈ ಸಲ ನಿಮ್ಮದೇ ಇರಲಿ."

"ಎಷ್ಟು ದೊಡ್ಡ ಮನಸ್ಸಪ್ಪಾ ನಿಂದು," ಎಂದು ಅವಳು ತನ್ನ ಹೆಸರನ್ನು ನೆಟ್ಟಗೆ ಬರೆದು, ಹಗುರವಾಗಿ ಕೊನೆಯ ಸಲ ಸುಟ್ಟಳು.

ಅರಮನೆಗೆ ಹೋಗುವಾಗ ಗಾಡಿಯಲ್ಲಿ ಕೇಳಿದೆ: "ಪೆರ್ನೆತ್ತಮ್ಮ, ಚುಕ್ಕೆ ಕೇಳಿದ್ರೆ ಏನು ಹೇಳ್ತೀಯ?"

"ನಾನ್ಯಾಕೆ ಹೇಳಲಿ? ನಿಮ್ಮ ಮಾತು ಇದೆಯಲ್ಲ, ಸಾಹುಕಾರ್ರೆ."

ನನಗೆ ಅರ್ಥವಾಗಲಿಲ್ಲ. ಚೌಕಟ್ಟನ್ನಾದರೂ ವಾಪಸು ತರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಊಟಕ್ಕೆ ಬಂದಿದ್ದ ನೆಂಟರ ಮುಂದೆಯೇ ದೊರೆ ನಕಲನ್ನು ಮೂಲದ ಪಕ್ಕ ಹಿಡಿದು ನೋಡಿ ತಲೆದೂಗಿದ. ಚಿತ್ರಗಳ ಉಸ್ತುವಾರಿಯ ಗೋಟ್ಲೋಬ್ ಮಾತ್ರ ಮಸೂರ ಹಿಡಿದು ಬಗ್ಗಿದ. "ದೊರೆಗಳೇ, ಗಲ್ಲದ ಮೇಲೆ ಮಚ್ಚೆ ಇದೆ. ನಮ್ಮ ಚಿತ್ರದಲ್ಲಿಲ್ಲ. ನೋಡಿ, ಚಳಿಗಾಲದಲ್ಲಿ ನಾನೇ ಒರೆಸಿ ತೊಳೆಸಿದೀನಿ, ಕನ್ನಡಿ ಹಾಗಿದೆ."

ಪೆರ್ನೆತ್ತಮ್ಮ ಕೈಕಟ್ಟಿ ನಿಂತಿದ್ದಳು. "ದೊರೆಗಳೇ, ನಾನು ಬರೆದುಕೊಂಡಿದ್ದು ಬೇಸಿಗೇಲಿ. ಎಣ್ಣೆಬಣ್ಣದ ವಿಷಯ ತಾವೇ ಏನೋ ಹೇಳ್ತಿರ್ತೀರಲ್ಲ?"

"ಮಾಸುತ್ತೆ ಅಂತ."

"ಎನಾಮೆಲ್?"

"ಮಾಸೋದೇ ಇಲ್ಲ," ಎಂದು ದೊರೆ ರೂಢಿಯಂತೆ ನೆಂಟರತ್ತ ನೋಡಿದ. ಆಮೇಲೆ ನಿಧಾನವಾಗಿ ಗೋಟ್ಲೋಬ್‌ನತ್ತ ತಿರುಗಿದ. "ಮಚ್ಚೆ ಎಲ್ಲಯ್ಯಾ?"

"ಬುದ್ಧೀ, ಅದು ಇರಲೇ..."

"ಒರೆಸಿ ತೊಳೆಸಿದೆ ಅಂದೆಯಲ್ಲ ಈಗ."

ಗೋಟ್ಲೋಬ್‌ನಿಗೆ ಸಂಸಾರವಿತ್ತು. "ಏನೋ ಇತ್ತು ಅನ್ಸುತ್ತೆ. ಸಣ್ಣದು," ಎಂದ.

ಮರುವರ್ಷ ಹೋದಾಗ ಮೂಲಚಿತ್ರದ ಗಲ್ಲಕ್ಕೂ ಮಚ್ಚೆ ಬಂದಿತ್ತು. ಗೋಟ್ಲೋಬ್‌ನೇ ಅದನ್ನು ಬಂದವರಿಗೆ ಬೆರಳು ಮಾಡಿ ತೋರಿಸುತ್ತಿದ್ದ.

ಮಾತು ಕೊಟ್ಟಂತೆ ಉಳಿದ ಚಿತ್ರಗಳ ಕೆಲಸ ಪೆರ್ನೆತ್ತಮ್ಮನ ಹೆಸರಿಗೇ ಬಂತು. ಜೊತೆಗೆ ದೊರೆಯ ನೆಂಟರಿಗೆಲ್ಲ ಅದೇ ಮೇರಿ ಮಾತೆ, ಮಚ್ಚೆಯ ಸಮೇತ, ಕೂದಲೆಳೆ ಆಚೀಚೆ ಆಗಬಾರದು. ಬೂದಿ ತಾನಾಗಿ ಮಾಡಿದ್ದನ್ನು ಬೇಕೆಂದು ಮಾಡಲು ಹೋಗಿ ಅವಳು ಕೆಡಿಸಿದ ಬಿಲ್ಲೆಗಳೇ ಒಂದು ಬುಟ್ಟಿ.

ಎತಿಯೆನ್ ಸುಮ್ಮನಿರುತ್ತಾನೆಯೇ? "ಅತ್ತಿಗೆ, ಕುಲುಮೆ ನಂದಲ್ವಾ. ಇನ್ಮೇಲೆ ಹೆಸರು ನಾನೇ ಬರೀತೀನಿ."

ಅವಳು ಕುಂಚ ಕೊಟ್ಟಳು. "ಬರಿಯಪ್ಪ. ಮೊದಲು ಇದಕ್ಕೊಂದು ಮಚ್ಚೆ ಇಡು, ಸುಟ್ಟು ನೋಡೋಣ."

ಅವನು ಕುಂಚ ನೋಡಿದ, ಗಲ್ಲ ನೋಡಿದ. ಇದ್ದಿಲು ಮುಗಿಯುತ್ತಾ ಬಂದಿದೆ ಎಂದು ನೆನಪಾಗಿ ತರಲು ಹೊರಟ. ಅಂದಿನಿಂದ ಇದ್ದಿಲು ತರುವುದು ಅವನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಾನೆ.