ಟ್ಯಾಂಕಿನ ಏರಿನಲ್ಲಿ ಕೇಳಿಸಬೇಕಾದ ಸದ್ದು

ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಪೇಪರ್ ಹಾಕುವವನ ಸೈಕಲ್ಲೊಂದು ಹಾದುಹೋದದ್ದು ಬಿಟ್ಟರೆ ಯಾರ ಸುಳಿವೂ ಇಲ್ಲ. ತಗಡಿನ ಶೆಡ್ಡಿನೊಳಗೆ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಹಾಲುಬಣ್ಣದ ಹಳೆಯ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಪತ್ರಿಕೆಗೆ ಬರೆಯಲೆಂದು ಬಂದ ನನಗೆ ಎಂಜಿನ್ನಿನ ಮೇಲೆ ಬಗ್ಗಿರುವವರ ಬೆನ್ನು ಮಾತ್ರ ಕಾಣುತ್ತಿದೆ. "ಬಂದ್ರಾ? ಅಲ್ಲೇ ಸ್ಟೂಲ್ ಇದೆ. ಗ್ರೀಸ್ ಇದೆಯಾ ಅಂತ ನೋಡ್ಕೊಂಡು ಕೂತ್ಕೊಳ್ಳಿ," ಎನ್ನುತ್ತದೆ ಆ ಬೆನ್ನು. ನಾನು ನೋಡದೆ ಕೂರುತ್ತೇನೆ. ಅಂದು ತೊಟ್ಟಿದ್ದ ಪ್ಯಾಂಟು ಈಗ ನಮ್ಮ ಮನೆಯಲ್ಲಿ ನೆಲ ಒರೆಸುತ್ತಿದೆ.

ಬೆನ್ನಿನ ಒಡೆಯರನ್ನು ಈ ಬೀದಿಯ ಚಿಕ್ಕವರು ದೊಡ್ಡವರೆಲ್ಲ ಕರೆಯುವುದು 'ಟೈಮಿಂಗ್ ಮಾವ' ಎಂದು. ಅರವತ್ತು ದಾಟಿ ಕೆಲವು ವರ್ಷವಾಗಿದೆ. ಕಾರ್ಬುರೇಟರ್ ಇರುವ ಹಳೆಯ ಕಾರುಗಳ ಎಂಜಿನ್ನಿನಲ್ಲಿ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕೆಂದು ಹೊಂದಿಸುವುದು ಅವರ ಕಸುಬು. ಬ್ರೇಕ್ ಮುಟ್ಟುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಪಂಕ್ಚರ್ ಎಂದು ಹೋದರೆ ಎದುರು ಅಂಗಡಿಗೆ ಕೈ ತೋರಿಸುತ್ತಾರೆ. ಹೊಸ ಕಾರುಗಳಲ್ಲಿ ಈ ಕೆಲಸವನ್ನು ಕಂಪ್ಯೂಟರೇ ನೋಡಿಕೊಳ್ಳುವುದರಿಂದ, ಇಲ್ಲಿಗೆ ಬರುವುದು ಮುದಿ ಕಾರುಗಳು ಮತ್ತು ಅವುಗಳ ಮೇಲೆ ಜೀವ ಇಟ್ಟುಕೊಂಡ ಜನ ಮಾತ್ರ. ಪರದೆ ಕಟ್ಟಿದ ಶೆಡ್ಡಿನ ಇನ್ನರ್ಧದಲ್ಲಿ ಮಾವನ ಹೆಂಡತಿ ಹೊಲಿಗೆ ಮಷೀನು ಇಟ್ಟುಕೊಂಡು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಾರೆ. ಗಂಡ ಊರಿಗೆಲ್ಲ ಮಾವನಾದ ಮೇಲೆ ಅವರು ಅತ್ತೆಯಾಗದೆ ವಿಧಿಯಿರಲಿಲ್ಲ.

ಕಿಡಿಯ ಗಳಿಗೆ ಹೊಂದಿಸುವುದು ಡಿಸ್ಟ್ರಿಬ್ಯೂಟರಿನಲ್ಲಿ, ಅಂದರೆ ದೊಡ್ಡ ಲೋಟದಷ್ಟಿರುವ ಒಂದು ಡಬ್ಬಿಯಲ್ಲಿ. ಅದರ ತಲೆಯಿಂದ ದಪ್ಪ ವೈರುಗಳು ಹೊರಟು ಕಿಡಿ ಹಾರಿಸುವ ಒಂದೊಂದು ಪ್ಲಗ್ಗಿಗೆ ಹೋಗುತ್ತವೆ. ಬುಡದ ಬೋಲ್ಟ್ ಸಡಿಲಿಸಿ ಡಬ್ಬಿಯನ್ನು ಕೊಂಚ ಆ ಕಡೆ ತಿರುಗಿಸಿದರೆ ಕಿಡಿ ಬೇಗ ಹಾರುತ್ತದೆ, ಈ ಕಡೆ ತಿರುಗಿಸಿದರೆ ತಡವಾಗುತ್ತದೆ. ನನಗೆ ಕಾರಿನ ವಿಷಯದಲ್ಲಿ ಗೊತ್ತಿರುವುದು ಬಾಗಿಲು ತೆಗೆಯುವುದೊಂದೇ ಎಂದು ಮಾವನಿಗೆ ಮೊದಲೇ ಹೇಳಿದ್ದೇನೆ. ಅವರು ಬೇಸರಿಸಿಕೊಳ್ಳುವುದಿಲ್ಲ. "ಉಯ್ಯಾಲೆ ತೂಗಿದೀರಲ್ಲ? ಮಗು ಇನ್ನೂ ನಿಮ್ಮ ಕಡೆ ಬರ್ತಿರುವಾಗಲೇ ತಳ್ಳಿದ್ರೆ ಏನಾಗುತ್ತೆ? ನಿಮ್ಮ ಕೈಗೂ ಪೆಟ್ಟು, ಮಗೂಗೂ ಪೆಟ್ಟು. ದೂರ ಹೋದ್ಮೇಲೆ ತಳ್ಳಿದ್ರೆ ಕೈಗೆ ಸಿಗೋದು ಬರೀ ಗಾಳಿ. ಪಿಸ್ಟನ್ನೂ ಹಾಗೇ. ಸರಿಯಾದ ಹೊತ್ತಿಗೆ ತಳ್ಬೇಕು, ಅಷ್ಟೇ," ಎನ್ನುತ್ತಾರೆ.

ಹೇಳುತ್ತಲೇ ಕೈ ಓಡುತ್ತಿದೆ. ಡಬ್ಬಿಯೊಳಗಿನ ಪಾಯಿಂಟ್ ಎಂಬ ಪುಟ್ಟ ಲೋಹದ ತುಂಡುಗಳನ್ನು ಉಜ್ಜಿ, ಅವುಗಳ ನಡುವಿನ ಸಂದನ್ನು ತೆಳ್ಳನೆಯ ಉಕ್ಕಿನ ಪಟ್ಟಿಯಿಂದ ಅಳೆಯುತ್ತಾರೆ. ಎಂಜಿನ್ ಶುರು ಮಾಡಿ ಬಿಸಿಯಾಗಲು ಬಿಡುತ್ತಾರೆ. ಕಾರ್ಬುರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ಸಣ್ಣ ರಬ್ಬರ್ ಪೈಪನ್ನು ಕಳಚಿ ಅದರ ಬಾಯಿಗೊಂದು ಸ್ಕ್ರೂ ತುರುಕುತ್ತಾರೆ. ಪಿಸ್ತೂಲಿನಂಥ ಟೈಮಿಂಗ್ ಲೈಟನ್ನು ಹಿಡಿದಾಗ, ಗರಗರ ತಿರುಗುತ್ತಿರುವ ಪುಲ್ಲಿಯ ಮೇಲಿನ ಬಿಳಿ ಗೆರೆ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಗೆರೆ ಗುರುತಿನ ಎದುರಿಗೆ ಬರುವವರೆಗೆ ಡಬ್ಬಿ ತಿರುಗಿಸಿ, ಬೋಲ್ಟನ್ನು ಅರ್ಧ ಮಾತ್ರ ಬಿಗಿಯುತ್ತಾರೆ. ಇಲ್ಲಿಗೆ ಮುಗಿಯಿತಲ್ಲ ಎಂದರೆ ನಗುತ್ತಾರೆ. "ಇದು ಪುಸ್ತಕದ ಲೆಕ್ಕ. ಪುಸ್ತಕ ಬರೆದಾಗ ಈ ಎಂಜಿನ್ನಿಗೆ ಹರೆಯ. ಈಗ ಅದಕ್ಕೂ ವಯಸ್ಸಾಗಿದೆ, ಕುಡಿಯೋ ಪೆಟ್ರೋಲೂ ಬೇರೆ. ಏರು ಹತ್ತಿಸಿ ಕೇಳ್ಬೇಕು."

ಏರು ಎಂದರೆ ಬೀದಿಯ ಹಿಂದೆ ನೀರಿನ ಟ್ಯಾಂಕಿಗೆ ಹೋಗುವ ರಸ್ತೆ. ಬೆಳಗಾದ ಮೇಲೆ ಅಲ್ಲಿ ಲಾರಿಗಳ ಕಾಟ. ಅದಕ್ಕೇ ಮಾವ ಇಷ್ಟು ಬೇಗ ಏಳುವುದು. ಟಾಪ್ ಗೇರಿನಲ್ಲೇ ನಿಧಾನವಾಗಿ ಹೋಗಿ, ಏರು ಶುರುವಾದಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಏದುಸಿರು ಬಿಡುತ್ತದೆ. ಕಿಡಿ ತೀರ ಬೇಗ ಹಾರುತ್ತಿದ್ದರೆ ಆಗ ಎಂಜಿನ್ನಿನ ಗದ್ದಲದ ಅಡಿಯಲ್ಲೆಲ್ಲೋ ಸಣ್ಣಗೆ ಕಿಣಿಕಿಣಿ ಸದ್ದು ಏಳುತ್ತದೆ, ಪಿಸ್ಟನ್ನಿಗೆ ಪೆಟ್ಟು ಬೀಳುವ ಸದ್ದು. ಮಾವನ ಪದ್ಧತಿ ಹೀಗೆ: ಆ ಸದ್ದು ಕೇಳಿಸುವವರೆಗೆ ಕಿಡಿ ಸ್ವಲ್ಪ ಸ್ವಲ್ಪವೇ ಬೇಗ ಹಾರುವಂತೆ ಮಾಡುವುದು, ಕೇಳಿಸಿದ ಕೂಡಲೇ ಡಬ್ಬಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುವುದು. ಎಂಜಿನ್ನಿಗೆ ಒಳ್ಳೆಯ ಎಳೆತ ಸಿಗುವುದು ಅಲ್ಲೇ. ಜೀವಮಾನವಿಡೀ ಹೀಗೇ ಮಾಡಿದ್ದಾರೆ. ಹೋದ ವರ್ಷದವರೆಗೆ ಯಾವ ಕಾರೂ ದೂರು ಹೊತ್ತು ವಾಪಸು ಬಂದದ್ದಿಲ್ಲ.

ವಯಸ್ಸಾದಂತೆ ಕಿವಿಯಿಂದ ಮೊದಲು ಜಾರುವುದು ಇಂಥ ಸಣ್ಣ ಸದ್ದುಗಳೇ. ಜಾರಿದ್ದು ನಮಗೆ ತಿಳಿಯುವುದೂ ಇಲ್ಲ. ಹೋದ ವರ್ಷ ಮಾವ ಕಿಣಿಕಿಣಿಗಾಗಿ ಕಾದರು. ಕೇಳಿಸಲಿಲ್ಲ. ಇನ್ನೂ ಜಾಗವಿದೆ ಎಂದುಕೊಂಡು ಇನ್ನಷ್ಟು ತಿರುಗಿಸಿದರು. ಎಂಜಿನ್ ಬಾಯಿ ಬಡಿದುಕೊಳ್ಳುತ್ತಿತ್ತು, ಅವರ ಪಾಲಿಗೆ ಹೂವಿನ ಹಾಗೆ ಓಡುತ್ತಿತ್ತು. ಮದುವೆಗಳಿಗೆ ಬಾಡಿಗೆಗೆ ಹೋಗುವ ಈ ಹಾಲುಬಣ್ಣದ ಕಾರು ಹಾಗೆ ಟೈಮಿಂಗ್ ಮಾಡಿಸಿಕೊಂಡು ಹೋಗಿ, ಮದುಮಕ್ಕಳು ಹಿಂದೆ ಕೂತಿರುವಾಗಲೇ ನಡುರಸ್ತೆಯಲ್ಲಿ ಹೊಗೆ ಬಿಟ್ಟು ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು.

ಪೆಟ್ರೋಲ್ ಕೆಟ್ಟದ್ದಿರಬೇಕು ಎಂದುಕೊಂಡರು ಕಾರಿನ ಒಡೆಯರು. ಮಾವನೂ ಹಾಗೇ ನಂಬಿದರು. ಅದಾದ ಕೆಲವೇ ದಿನಕ್ಕೆ, ಮಗಳ ಮನೆಗೆಂದು ಗಂಡ ಹೆಂಡತಿ ತಮ್ಮ ಸ್ವಂತ ಕಾರಿನಲ್ಲಿ ಹೊರಟಾಗ, ಇದೇ ಏರಿನಲ್ಲಿ ಅತ್ತೆ ಕೇಳಿದರಂತೆ, "ಏನ್ರೀ ಇದು, ಯಾರೋ ಚಿಲ್ಲರೆ ಡಬ್ಬಿ ಅಲ್ಲಾಡಿಸಿದ ಹಾಗೆ?"

ಮಾವ ಕೇಳಿದ್ದು ಒಂದೇ ಮಾತು. "ಎಲ್ಲಿ?"

ಇದನ್ನು ಹೇಳುವಾಗ ಮಾವನ ಕೈಯಲ್ಲಿನ ಬಟ್ಟೆ ಸುಮ್ಮನೆ ಒಂದೇ ಕಡೆ ಒರೆಸುತ್ತಿದೆ. "ಅವಳು ಇದೆ ಅಂತಾಳೆ, ನಂಗೆ ಇಲ್ಲ. ಕಾರು ಪಕ್ಕಕ್ಕೆ ಹಾಕ್ಬಿಟ್ಟೆ. ಸುಳ್ಳು ಯಾಕೆ ಹೇಳ್ಲಿ, ಸ್ಟಿಯರಿಂಗ್ ಹಿಡ್ಕೊಂಡು ಅತ್ತುಬಿಟ್ಟೆ. ನನ್ನ ನಂಬಿ ಬಿಟ್ಟ ಕಾರುಗಳನ್ನ ನಾನೇ ಹಾಳು ಮಾಡ್ತಿದ್ದೆ ಅಂದ್ರೆ ಏನು ಹೇಳೋದು?" ಮಗಳ ಮನೆಗೆ ಅವತ್ತು ಹೋಗಲಿಲ್ಲ. ಇತ್ತೀಚೆಗೆ ಟೈಮಿಂಗ್ ಮಾಡಿದ ಕಾರುಗಳ ಒಡೆಯರಿಗೆಲ್ಲ ಫೋನ್ ಹಚ್ಚಿ ಕರೆಸಿಕೊಂಡರು, ಒಂದೊಂದನ್ನೂ ಲೈಟ್ ಹಿಡಿದು ಪುಸ್ತಕದ ಲೆಕ್ಕಕ್ಕೆ ಇಳಿಸಿದರು. ಹಾಲುಬಣ್ಣದ ಕಾರಿನವರ ಮನೆಗೆ ಮಾತ್ರ ತಾವೇ ನಡೆದು ಹೋದರು. ಬಾಗಿಲಲ್ಲೇ ನಿಂತು, ತಪ್ಪು ಪೆಟ್ರೋಲಿನದಲ್ಲ, ನನ್ನ ಕಿವಿಯದು ಎಂದು ಹೇಳಿ ಬಂದರು.

ಮಗಳು ಕಿವಿಯ ಡಾಕ್ಟರ ಬಳಿ ಕರೆದೊಯ್ದು ಕಿವಿಗೆ ಹಾಕುವ ಮಷೀನು ಕೊಡಿಸಿದಳು. ಮನೆಯೊಳಗೆ ಅದು ಚೆನ್ನಾಗಿದೆ, ಮೊಮ್ಮಗಳ ಪಿಸುಮಾತೂ ಕೇಳಿಸುತ್ತದೆ. ಏರಿನಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ. "ಗಾಳಿ, ಟೈರು, ಬಾಗಿಲು ಕಿರುಗುಟ್ಟೋದು ಎಲ್ಲಾ ಒಟ್ಟಿಗೆ ನುಗ್ಗುತ್ತೆ. ಸಂತೇಲಿ ನಿಂತ ಹಾಗೆ. ಅದರಲ್ಲಿ ಕಿಣಿಕಿಣೀನ ಎಲ್ಲಿ ಹುಡುಕ್ಲಿ?" ಎನ್ನುತ್ತಾರೆ ಮಾವ. ಈಗ ಅದು ಶರ್ಟಿನ ಜೇಬಿನಲ್ಲಿ ಬೆಚ್ಚಗೆ ಮಲಗಿದೆ.

ಹಾಗಾದರೆ ಕೇಳುವವರು ಯಾರು? ಪರದೆಯ ಆಚೆಯಿಂದ ಅತ್ತೆ ಬರುತ್ತಾರೆ, ಕೊರಳಲ್ಲಿ ಅಳತೆ ಟೇಪು, ಸೆರಗಿನಲ್ಲಿ ಚುಚ್ಚಿದ ಸೂಜಿ. ಮದುವೆಯಾದಂದಿನಿಂದ ಗಂಡನ ಪಕ್ಕದಲ್ಲೇ ಕೂತು ಹೊಲಿದಿದ್ದಾರೆ, ಶೆಡ್ಡಿಗೆ ಬಂದ ಎಂಜಿನ್ನುಗಳೆಲ್ಲ ಅವರ ಕಿವಿಯ ಮೇಲೇ ಹಾದುಹೋಗಿವೆ. "ನಾನೇನು ಕಲೀಲಿಲ್ಲಪ್ಪ. ಮಷೀನಿನ ಸೂಜಿ ಮೊಂಡಾದ್ರೆ ಸದ್ದು ಬದಲಾಗುತ್ತೆ, ಕೇಳಿಸಿಕೊಳ್ಳದೇ ಇದ್ರೆ ಬಟ್ಟೆ ಹಾಳು. ಆ ಅಭ್ಯಾಸ ಅಷ್ಟೇ," ಎನ್ನುತ್ತಾರೆ. ಏರು ಹತ್ತುವಾಗ ಅವರು ಮುಂದಿನ ಸೀಟಿನಲ್ಲಿ ಕೂತು ಗಂಡನ ತೋಳಿನ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಕಿಣಿಕಿಣಿ ಎದ್ದ ತಕ್ಷಣ ಚಿವುಟುತ್ತಾರೆ. ಬಾಯಲ್ಲಿ ಹೇಳುವಷ್ಟರಲ್ಲಿ ಏರು ಮುಗಿದುಹೋಗುತ್ತದಂತೆ.

"ಮದುವೆ ಆದಾಗಿಂದ ಚಿವುಟೋಕೆ ಒಂದು ನೆಪ ಕಾಯ್ತಿದ್ಲು," ಎಂದು ಮಾವ ಶರ್ಟಿನ ತೋಳು ಮಡಿಸಿ ನೀಲಿಗಟ್ಟಿದ್ದನ್ನು ತೋರಿಸುತ್ತಾರೆ.

"ಮೆಲ್ಲಗೆ ಚಿವುಟಿದ್ರೆ ಅದೂ ಗೊತ್ತಾಗಲ್ಲ ಇವರಿಗೆ," ಎನ್ನುತ್ತಾರೆ ಅತ್ತೆ.

ಹೀಗೆ ಜೋಡಿಯಾಗಿ ಒಂದಷ್ಟು ಕಾರು ಮಾಡಿದ್ದಾರೆ. ಆದರೆ ಈ ದಿನದ್ದು ಬೇರೆ. ಹೊಸ ಪಿಸ್ಟನ್ ಹಾಕಿಸಿಕೊಂಡ ಹಾಲುಬಣ್ಣದ ಕಾರು ಆ ಘಟನೆಯ ನಂತರ ಮೊದಲ ಸಲ ಬಂದಿದೆ. ಶನಿವಾರದ ಮದುವೆಯೊಂದಕ್ಕೆ ಅದನ್ನು ಬಾಡಿಗೆಗೆ ಕೇಳಿದ್ದಾರೆ, ಒಡೆಯರು ಇನ್ನೂ ಒಪ್ಪಿಕೊಂಡಿಲ್ಲ. "ಇದು ಸರಿಹೋಗ್ಲಿಲ್ಲ ಅಂದ್ರೆ ಸ್ಪ್ಯಾನರ್ ಕೆಳಗಿಡ್ತೀನಿ ಅಂತ ಇವಳಿಗೆ ಹೇಳಿದೀನಿ," ಎನ್ನುತ್ತಾರೆ ಮಾವ. ತಮಾಷೆಯ ಮುಖ ಈಗಿಲ್ಲ. "ಕೆಳಗಿಟ್ಟು ಮನೇಲಿ ಕೂತ್ರೆ ದಿನವಿಡೀ ನನ್ನ ತಲೆ ತಿಂತಾರೆ. ಬೇಡವೇ ಬೇಡ," ಎಂದು ಅತ್ತೆ ನನ್ನ ಕಡೆ ತಿರುಗಿ ಹೇಳುತ್ತಾರೆ. ಅವರ ಮುಖದಲ್ಲೂ ನಗು ಪೂರ್ತಿ ಇಲ್ಲ.

ಅಷ್ಟರಲ್ಲಿ ಕಾರಿನ ಒಡೆಯರು ಬರುತ್ತಾರೆ. ಬೀದಿಯವರ ಬಾಯಲ್ಲಿ ಇವರು 'ಮದುವೆ ಕಾರಿನಣ್ಣ'. ಪಿಸ್ಟನ್ ಸುಟ್ಟದ್ದು ಯಾರಿಂದ ಎಂದು ತಿಳಿದಾಗ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕಿರಲಿಲ್ಲ. ಮತ್ತೆ ಇಲ್ಲಿಗೇ ಯಾಕೆ ತಂದಿರಿ ಎಂದು ಕೇಳುತ್ತೇನೆ. "ಕೋಪ ಇತ್ತು ಸರ್. ಇನ್ನೂ ಸ್ವಲ್ಪ ಇದೆ. ಆದ್ರೆ ಅವರಾಗಿ ಬಂದು ಹೇಳದೇ ಇದ್ದಿದ್ರೆ ನಂಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಬೇರೆ ಕಡೆ ಬಿಟ್ರೆ ಯಾರು ಬಂದು ಹೇಳ್ತಾರೆ?" ಎನ್ನುತ್ತಾರೆ. ಆದರೆ ಒಂದು ಷರತ್ತು ಹಾಕಿದ್ದಾರೆ. ಏರು ಹತ್ತುವಾಗ ಅವರೂ ಕಾರಿನಲ್ಲಿ ಇರುತ್ತಾರೆ.

ನಾಲ್ವರು ಹೊರಡುತ್ತೇವೆ. ಏರಿನ ಬುಡದಲ್ಲಿ ಮಾವ ಪೂರ್ತಿ ತುಳಿಯುತ್ತಾರೆ. ಕಾರು ಮುಲುಗುತ್ತಾ ಮೇಲೇಳುತ್ತದೆ. ಅತ್ತೆಯ ಬೆರಳುಗಳು ಸುಮ್ಮನಿವೆ. ಟ್ಯಾಂಕಿನ ಬಳಿ ನಿಲ್ಲಿಸಿ, ಬಾನೆಟ್ ಎತ್ತಿ, ಕಿಡಿ ಕೊಂಚ ಬೇಗ ಹಾರುವಂತೆ ಮಾಡಿ, ಕೆಳಗಿಳಿದು ಮತ್ತೆ ಹತ್ತುತ್ತೇವೆ. ಈ ಸಲ ಎಳೆತ ನನಗೂ ಗೊತ್ತಾಗುವಷ್ಟು ಹೆಚ್ಚಿದೆ. ಸಾಕಲ್ಲ ಮಾವ ಎನ್ನುತ್ತಾರೆ ಹಿಂದಿನಿಂದ ಒಡೆಯರು. "ಇನ್ನೂ ಇದೆ," ಎನ್ನುತ್ತಾರೆ ಮಾವ. ಡಬ್ಬಿ ಇನ್ನಷ್ಟು ತಿರುಗುತ್ತದೆ. ಮತ್ತೊಂದು ಸಲ. ಅರ್ಧ ಏರಿನಲ್ಲಿ ಮಾವ ಹಾ ಎಂದು ತೋಳು ಜಾಡಿಸುತ್ತಾರೆ. ನಾನು ಎರಡೂ ಕಿವಿ ನಿಮಿರಿಸಿ ಕೂತಿದ್ದೇನೆ, ಆಣೆ ಮಾಡಿ ಹೇಳುತ್ತೇನೆ, ನನಗೆ ಏನೂ ಕೇಳಿಸಲಿಲ್ಲ. "ನಂಗೂ ಇಲ್ಲ ಅತ್ತೆ," ಎನ್ನುತ್ತಾರೆ ಒಡೆಯರು, ದನಿಯಲ್ಲಿ ಸ್ವಲ್ಪ ಅನುಮಾನ. "ಇತ್ತು," ಎನ್ನುತ್ತಾರೆ ಅತ್ತೆ, ಅಷ್ಟೇ.

ಮಾವ ಡಬ್ಬಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. ತಿರುಗಿದ್ದು ನನ್ನ ಕಣ್ಣಿಗೆ ಕಾಣದಷ್ಟು ಕಡಿಮೆ. ಮತ್ತೆ ಏರು. ಅತ್ತೆ ಕಣ್ಣು ಮುಚ್ಚಿದ್ದಾರೆ. ಕಾರು ಒಂದೇ ಸಮನೆ, ಸೊಗಸಾಗಿ, ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂತೆ ಮೇಲೇರಿ ಟ್ಯಾಂಕಿನ ಬಳಿ ಬಂದು ನಿಲ್ಲುತ್ತದೆ. ಆಯ್ತಾ ಮಾವ ಎನ್ನುತ್ತಾರೆ ಒಡೆಯರು. ಈ ಪ್ರಶ್ನೆಗೆ ಮಾವ ಇಷ್ಟು ವರ್ಷ ಯಾರ ಮುಖವನ್ನೂ ನೋಡದೆ ಉತ್ತರ ಕೊಟ್ಟವರು. ಈಗ ಹೇಳುತ್ತಾರೆ, "ನಂಗೆ ಕೇಳಿಸಲ್ಲಪ್ಪ. ಅವಳನ್ನ ಕೇಳು."

ಅತ್ತೆ ಕಣ್ಣು ತೆರೆಯುತ್ತಾರೆ. "ಬೋಲ್ಟ್ ಬಿಗಿ ಮಾಡ್ರಿ," ಎನ್ನುತ್ತಾರೆ.

ಮಾವ ಇಳಿದು ಸ್ಪ್ಯಾನರ್ ಹಾಕಿ ಬಿಗಿಯುತ್ತಾರೆ. ಅವರ ಕಣ್ಣು ಒದ್ದೆಯಾಗಿರುವುದು ನನಗೆ ಕಾಣುತ್ತದೆ, ಬರೆಯಬೇಡಿ ಎಂದು ಅವರು ಹೇಳಿಲ್ಲ. ಕಾರಿನ ಒಡೆಯರು ಆಗಲೇ ಫೋನಿನಲ್ಲಿ ಮಾತಾಡುತ್ತಿದ್ದಾರೆ: "ಶನಿವಾರ ಕಾರು ಬರುತ್ತೆ, ಮದುಮಕ್ಕಳಿಗೆ ಹೇಳಿ. ಹೌದು, ಹೌದು, ಅದೇ ಕಾರು. ಟೈಮಿಂಗ್ ಮಾವನೇ ಮಾಡಿದ್ದು."

ಬಾನೆಟ್ಟಿನ ಕೆಳಗಿಂದ ಮಾವ ತಲೆ ಹೊರಹಾಕುತ್ತಾರೆ. "ಒಬ್ಬನೇ ಅಲ್ಲ, ಇಬ್ಬರೂ ಮಾಡಿದ್ದು ಅಂತ ಹೇಳಪ್ಪ!"

ಅತ್ತೆ ಕಿಟಕಿಯಾಚೆ ಟ್ಯಾಂಕನ್ನು ನೋಡುತ್ತಾ ಕೂತಿದ್ದಾರೆ, ಏನೂ ಕೇಳಿಸದವರ ಹಾಗೆ.