ಕೆಂಪು ಕಾರು

ಮೈಲಿ ಮೀಟರಿನ ಕೊನೆಯ ಅಂಕಿ ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು. ಕೆಂಪು ಕಾರಿನಲ್ಲಿ ನಾನು ಮೊದಲು ನೋಡಿದ್ದು ಅದನ್ನೇ.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವಳು. ಈಗ ಹೇಳಹೊರಟಿರುವಂಥ ಅನುಭವಗಳನ್ನು ಯಾರಾದರೂ ಹೇಳಿಕೊಂಡರೆ ಮರ್ಯಾದೆಗೆ ತಲೆಯಾಡಿಸುತ್ತಿದ್ದೆ, ಒಂದನ್ನೂ ನಂಬುತ್ತಿರಲಿಲ್ಲ. ನೀವೂ ಇದನ್ನು ನಂಬಬೇಕೆಂದು ಕೇಳುವುದಿಲ್ಲ.

ಅಣ್ಣನಿಗೆ ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. ತಿಪಟೂರಿನ ಬಾಷಾ ಸಾಬರ ಶೆಡ್ಡಿಗೆ ಇಬ್ಬರೇ ಕೂರುವಂಥ ಹಳೆಯ ಕಾರುಗಳು ಎರಡು ಬಂದಿವೆ ಎಂದು ತಿಳಿದಾಗ ನನ್ನನ್ನೂ ಕರೆದುಕೊಂಡು ಹೋದ. ಕಾರಣವಿತ್ತು. ನಮ್ಮ ಮನೆಯಲ್ಲಿ ಅಟ್ಟದ ಕಾಯಿಯ ಪರೀಕ್ಷೆ ಮಾಡುತ್ತಿದ್ದವಳು ನಾನು. ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಇದ್ದು, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟ ಮೇಲೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಅದನ್ನು ಕೇಳಿ ನಾನು "ಆಯ್ತು, ಇಳಿಸಿ" ಎಂದರೆ ಅಪ್ಪ ಮರುಮಾತಿಲ್ಲದೆ ಇಳಿಸುತ್ತಿದ್ದರು.

"ಮುದುಕ ಆಗೋವರ್ಗೂ ಇದೊಂದೇ ಕಾರು ಇಟ್ಕೋತೀನಿ ಕಣೇ. ಸರಿಯಾಗಿ ಕೇಳಿ ಹೇಳು," ಎಂದ ಅಣ್ಣ.

ನಾನು ಬಾನೆಟ್ಟಿಗೆ ಕಿವಿಯಿಟ್ಟಾಗ ಸಾಬರು ನಕ್ಕರು. "ಏನಕ್ಕಾ, ಕಾರು ನೋಡೋಕ್ ಬಂದ್ರೋ, ಕಾಯಿ ಆರ್ಸೋಕ್ ಬಂದ್ರೋ?"

"ನಗಬೇಡಿ ಸಾಬ್ರೇ, ಇವಳ ಕಿವಿಗೆ ಮೋಸ ಮಾಡೋಕಾಗಲ್ಲ ಕಣ್ರೀ," ಎಂದ ಅಣ್ಣ.

ಹೊಸ ಬಣ್ಣ ಬಳಿದಿದ್ದ ಹಸಿರು ಕಾರಿನ ಎಂಜಿನ್ನಿನ ಆಳದಲ್ಲಿ ಸಣ್ಣ ಬಡಿತವಿತ್ತು. ಕೆಂಪು ಕಾರಿನ ಸೀಟು ಹರಿದಿದ್ದರೂ ಎಂಜಿನ್ ಸ್ವಚ್ಛವಾಗಿ ಓಡುತ್ತಿತ್ತು. ಕೆಂಪನ್ನೇ ತೆಗೆದುಕೋ ಎಂದೆ.

ಸಂಜೆ ಅದರಲ್ಲೇ ಹಾಲ್ಕುರಿಕೆ ಕಡೆಯ ನಮ್ಮ ಊರಿಗೆ ಹೊರಟೆವು. ಅರ್ಧ ದಾರಿಯಲ್ಲಿ ನನಗೆ ಆ ಸದ್ದು ಕೇಳಿಸಿತು. ಲೊಟಲೊಟ. ಏನೋ ಸಡಿಲವಾಗಿದೆ ಎಂದು ಕೆರೆ ಏರಿಯ ಮೇಲೆ ಕಾರು ನಿಲ್ಲಿಸಲು ಹೇಳಿದೆ. ಅಣ್ಣ ಎಂಜಿನ್ ಆರಿಸಿದ. ಇಬ್ಬರೂ ಸೀಟಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಡಿಕ್ಕಿಯಲ್ಲಿ ಹುಡುಕಿದೆವು. ಒಂದು ಸ್ಪ್ಯಾನರ್ ಕೂಡ ಇರಲಿಲ್ಲ.

"ನಿನ್ನ ತಲೇಲೇ ಏನೋ ಸಡಿಲ ಆಗೈತೆ ಬುಡು," ಎಂದು ಅಣ್ಣ ಮೈಕುಲುಕಿಸಿ ನಕ್ಕ.

ಆಗ ಮತ್ತೆ ಕೇಳಿತು. ಕಾರು ತಣ್ಣಗೆ ನಿಂತಿತ್ತು. ಅಂಗಿಗೆ ಅಂಟಿದ ಹುಲ್ಲು ತೆಗೆಯುವ ನೆಪದಲ್ಲಿ ಅವನ ಬೆನ್ನಿಗೆ ಕಿವಿ ತಗುಲಿಸಿದೆ. ಸದ್ದು ಅಲ್ಲಿತ್ತು. ಎದೆಬಡಿತ ಬೇರೆಯಾಗಿ, ಸರಿಯಾಗಿ ಕೇಳುತ್ತಿತ್ತು. ಅದರ ಪಕ್ಕದಲ್ಲಿ, ಚಿಪ್ಪು ಬಿಟ್ಟ ಕೊಬ್ಬರಿಯ ಸದ್ದು. ಆ ಸದ್ದಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು. ಅದನ್ನು ಬಾಯಿಗೆ ತರಲು ನನ್ನಿಂದ ಆಗಲಿಲ್ಲ.

"ಯಾಕೇ, ಬೆವರು ವಾಸನೆಯಾ?" ಎಂದ. ಏನಿಲ್ಲ ಎಂದೆ.

ಆ ವಾರ ಅಟ್ಟಕ್ಕೆ ಹಾಕಿದ ಕಾಯಿಯನ್ನು ಇಳಿಸುವ ಮೊದಲೇ ಅಣ್ಣ ಹೋದ. ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡ, ಅಷ್ಟೇ. ಇಪ್ಪತ್ತೊಂಬತ್ತು ವರ್ಷ. ಹೃದಯದಲ್ಲಿ ಮೊದಲಿನಿಂದಲೂ ದೋಷವಿದ್ದಿರಬೇಕು ಎಂದರು ಡಾಕ್ಟರು. ಅಂಥ ದೋಷ ಹಾಗೆ ಸದ್ದು ಮಾಡುತ್ತದೆಯೇ ಎಂದು ಸುತ್ತುಬಳಸಿ ಕೇಳಿದೆ. ಇಲ್ಲ ಎಂದರು. ಡಾಕ್ಟರಿಗೆ ಒಮ್ಮೆ ತೋರಿಸು ಎಂದು ಆ ದಿನವೇ ಅಣ್ಣನಿಗೆ ಹೇಳಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯದೆ ಹತ್ತು ತಿಂಗಳು ಸುಮ್ಮನಿದ್ದೆ. ಈಗ ಐದು ವರ್ಷವಾಯಿತು. ಕೇಳಿದ್ದೇನೆಂದು ಇನ್ನೂ ತಿಳಿದಿಲ್ಲ. ಕೊಟ್ಟಿಗೆಯಲ್ಲಿರುವ ಕಾರು ಇವತ್ತಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಕಾರಿನ ವಿಷಯದಲ್ಲಿ ನನ್ನ ಕಿವಿ ತಪ್ಪಲಿಲ್ಲ.

ಕಾರು ತಂದ ಮರುದಿನ ಬೆಳಿಗ್ಗೆ ನಾನು ಅಟ್ಟ ಹತ್ತಿ, ಹೊಸ ಕಾಯಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದೆ. ನೀರು ತುಂಬಿದ ಕಾಯಿಗಳು, ಯಾವುದರಲ್ಲೂ ಆ ಸದ್ದಿರಲಿಲ್ಲ. ಕೆಳಗೆ ಅಣ್ಣ ಹಾರ್ನ್ ಒತ್ತಿ, "ಬಾರೇ, ಒಂದು ಸುತ್ತು ಹೋಗ್ಬರಣ," ಎಂದು ಕೂಗಿದ. ಇಳಿದು ಹೋಗಿ ಅವನ ಪಕ್ಕ ಕೂತೆ. ಕಿವಿ ಮುಚ್ಚುವಂತೆ ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು, ದಾರಿಯುದ್ದಕ್ಕೂ ಮುಖವನ್ನು ಆಚೆ ಬದಿಗೆ ತಿರುಗಿಸಿಕೊಂಡಿದ್ದೆ.